ಸದ್ದಿಲ್ಲದ ಗಾಡಿಗಳ ನಾಡಿಗೆ ತಂಗಿಯ ಜೊತೆ

ಗಿಣಿಗೇರಾ

ನನ್ನ ತಂಗಿ ಸುವರ್ಣಾ ಬ್ಯಾಟರಿ ಆಟೋ ತಂದ ದಿನ ನಾನು ಅದರಲ್ಲಿ ಕೂರಲಿಲ್ಲ. ನೇಪಾಳಕ್ಕೆ ಹೋಗಿ ಬಂದ ಕಥೆ ಹೇಳುವವನು ಇದನ್ನೇಕೆ ಮೊದಲು ಹೇಳುತ್ತಾನೆ ಎಂದು ನೀವು ಕೇಳಬಹುದು. ಇದನ್ನು ಬಿಟ್ಟು ಹೇಳಿದರೆ ಅಲ್ಲಿ ನಾನು ನಕ್ಕದ್ದು, ಬೆರಗಾದದ್ದು ಯಾವುದೂ ನಿಮಗೆ ಸರಿಯಾಗಿ ತಿಳಿಯುವುದಿಲ್ಲ.

ನಮ್ಮ ಕಡೆ ಬಾಡಿಗೆಗೆ ಓಡಿಸುವ ಹೊಸ ಗಾಡಿ ಮನೆಗೆ ಬಂದರೆ ಪೂಜೆ ಮಾಡಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆಯುತ್ತಾರೆ. ಆಮೇಲೆ ಮೊದಲ ಸವಾರಿಗೆ ಮನೆಯವರೇ ಒಬ್ಬರು ಹತ್ತಬೇಕು. ಹೆಣ್ಣುಮಗಳ ಗಾಡಿಯಾದರೆ ತವರಿನವರು ಹತ್ತುವುದು ರೂಢಿ. ಹನುಮಪ್ಪನ ಗುಡಿಯ ತನಕ ಹೋಗಿ ಬಂದು ಬೋಣಿಗೆ ಕೊಟ್ಟರೆ ಮುಗಿಯಿತು. ಸಣ್ಣ ಕೆಲಸ. ಆದರೆ ಓಣಿಯ ಜನ ಕಾಯಿ ಹೇಗೆ ಒಡೆಯಿತು ಎಂದು ನೋಡುವುದಕ್ಕಿಂತ ಯಾರು ಹತ್ತಿದರು ಎಂದು ಹೆಚ್ಚು ನೋಡುತ್ತಾರೆ.

ಸುವರ್ಣಾಳಿಗೆ ತವರಿನಲ್ಲಿ ಉಳಿದವನು ನಾನೊಬ್ಬನೇ ಅಣ್ಣ. ನನ್ನ ಹೆಸರು ಯಮನೂರಪ್ಪ, ಊರು ತಳಕಲ್. ಓದಿದ್ದು ಏಳನೆಯ ತರಗತಿ. ಆಗಿನಿಂದ ಗಾಡಿಗಳ ಜೊತೆಗೇ ಬದುಕಿದವನು. ತಳಕಲ್ಲಿನಿಂದ ಕೊಪ್ಪಳಕ್ಕೆ ಡೀಸೆಲ್ ಟಂಟಂ ಓಡಿಸುತ್ತೇನೆ. ಆ ಮೂರು ಗಾಲಿಯ ಗಾಡಿಯಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬುದು ಸಂತೆಯ ದಿನ ಮಾತ್ರ ಗೊತ್ತಾಗುತ್ತದೆ. ಸುತ್ತಲಿನ ಊರುಗಳಲ್ಲಿ ಯಾರೇ ಗಾಡಿ ತೆಗೆದುಕೊಳ್ಳಲಿ, ಮೊದಲು ನನ್ನನ್ನು ಕೇಳುತ್ತಾರೆ. ನಾನು ಹೂಂ ಎಂದರೆ ತರುತ್ತಾರೆ.

ಅಂದು ಗಿಣಿಗೇರಾದ ಅವಳ ಮನೆಯ ಮುಂದೆ ಓಣಿಯೇ ನೆರೆದಿತ್ತು. ಹೋಳಿಗೆ ಉಂಡು ಹೊರಗೆ ಬಂದೆ. ಸುವರ್ಣಾ ಹೊಸ ಸೀರೆ ಉಟ್ಟು ಚಾಲಕರ ಸೀಟಿನಲ್ಲಿ ಕೂತಿದ್ದಳು.

“ಬಾ ಯಣ್ಣಾ, ಕುಂದ್ರು” ಎಂದಳು.

“ಮೊಣಕಾಲು ಹಿಡಕೊಂಡೈತವ್ವಾ. ಇನ್ನೊಮ್ಮಿ ಕುಂದರ್ತೀನಿ” ಎಂದು ನನ್ನ ಟಂಟಂ ಕಡೆ ನಡೆದೆ. ಆ ಮೊಣಕಾಲಿನಲ್ಲೇ ನಡೆದೆ, ಅದೇ ಕಾಲಿನಿಂದ ಬ್ರೇಕು ತುಳಿದೆ.

ಕೊಪ್ಪಳ ಸ್ಟ್ಯಾಂಡಿನ ಗೆಳೆಯರು ಆ ವಾರವೆಲ್ಲಾ “ನಿನ್ನ ತಂಗೀನ ನಮ್ಮ ಹೊಟ್ಟಿ ಮ್ಯಾಲ ಕಲ್ಲು ಹಾಕಾಕ ಹೊಂಟಾಳಲ್ಲೋ” ಎಂದು ಕಾಡಿದ್ದರು. ಅವರು ನೆಪ. ನನ್ನ ಹೊಟ್ಟೆಯಲ್ಲೂ ಉರಿ ಇತ್ತು. ಊರಿಗೆಲ್ಲಾ ಗಾಡಿ ಆರಿಸಿಕೊಡುವ ನನ್ನನ್ನು ಕೇಳದೆಯೇ ಅವಳು ತನ್ನ ಗಾಡಿ ಆರಿಸಿದ್ದಳು.

ಕೊನೆಗೆ ಅವಳ ಅತ್ತೆಯೇ ಹತ್ತಿ ಗುಡಿಗೆ ಹೋಗಿ ಬಂದರಂತೆ. ಆದರೆ ಓಣಿಯಲ್ಲಿ ಮಾತು ಹುಟ್ಟಿಯಾಗಿತ್ತು: “ಟಂಟಂ ಹೊಡಿಯೋ ಅಣ್ಣಾನ ಹತ್ತಲಿಲ್ಲ. ಅದರಾಗ ಏನೋ ಐತಿ.”

ಅವಳ ಗಾಡಿಯಲ್ಲಿ ಕೂತವರು ಕಾರ್ಖಾನೆಗೆ ಹೋಗುವ ಬಿಹಾರ, ಒಡಿಶಾ ಕಡೆಯ ಹುಡುಗರು ಮಾತ್ರ. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಅವರನ್ನು ಬಿಟ್ಟು ಬಂದರೆ ಉಳಿದ ಹೊತ್ತು ಗಾಡಿ ಬೇವಿನ ಗಿಡದ ಕೆಳಗೆ ನಿಂತಿರುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಸುವರ್ಣಾ ಅದನ್ನು ಮಾರುವ ಮಾತಿಗೆ ಬಂದಳು. ಕುಷ್ಟಗಿಯ ಒಬ್ಬರು ಕೇಳಿದ್ದರು. “ಯಾತ್ರಾ ಮುಗಿಸಿ ಬಂದು ಹೇಳ್ತೀನ್ರಿ” ಎಂದಿದ್ದಳು.

ಯಾತ್ರೆ ಎಂದರೆ ಪಶುಪತಿನಾಥ. ಹರಕೆ ಅವಳ ಅತ್ತೆಯದು. ಹೊರಡುವ ಮುಂಚೆ ಅವರ ಸೊಂಟ ಹಿಡಿಯಿತು. ಅತ್ತೆ ನವಲಿ ಊರಿನ ಹೆಣ್ಣುಮಗಳು, ಮಾತು ನೇರ. ನನಗೆ ಫೋನು ಮಾಡಿ, “ಸೀಟು ಖಾಲಿ ಹೋಗೂದು ಬ್ಯಾಡ. ನಿನ್ನ ಮೊಣಕಾಲು ಆರಾಮಿದ್ರ ತಂಗಿ ಜತಿ ನೀನ ಹೋಗಿ ಬಾ” ಎಂದರು. ಸರಿಯೆಂದು ಚೀಲ ಕಟ್ಟಿದೆ.

ಉತ್ತರದ ರೈಲು

ನಮ್ಮ ತಂಡಕ್ಕೆ ಹಿರಿಯರು ಗಂಗಾವತಿಯ ವಿರೂಪಣ್ಣ ಸಾವುಕಾರರು. ಅಕ್ಕಿ ಗಿರಣಿಯವರು, ಪ್ರತಿ ವರ್ಷ ಜನ ಕೂಡಿಸಿಕೊಂಡು ಯಾತ್ರೆ ಹೋಗುವುದು ಅವರ ಹವ್ಯಾಸ. ರೈಲಿನಲ್ಲಿ ಕೂತ ಕೂಡಲೇ ಅವರಿಗೆ ನನ್ನ ಕಸುಬು ಗೊತ್ತಾಯಿತು. ಆಮೇಲೆ ನನಗೆ ಬಿಡುವಿಲ್ಲ.

“ಯಮನೂರಪ್ಪ, ಬ್ಯಾಟರಿ ಕಾರು ತಗೋಬೇಕಂತ ಮಾಡೀನಿ. ನೀ ಏನಂತಿ?”

“ನೋಡೀರೇನ್ರಿ ಸಾವ್ಕಾರ್ರ?”

“ನೋಡೋದೇನು, ಹೊಡೆದೂ ನೋಡೀನಿ. ಬಳ್ಳಾರ್ಯಾಗ ನೋಡೀನಿ, ಹುಬ್ಬಳ್ಳ್ಯಾಗ ನೋಡೀನಿ. ಫೋನಿನಾಗಂತೂ ದಿನಾ ನೋಡ್ತೀನಿ.”

“ಮತ್ಯಾಕ ತಗೊಂಡಿಲ್ರಿ?”

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನಮ್ಮ ಓಣ್ಯಾಗ ಯಾರೂ ತಗೊಂಡಿಲ್ಲಪಾ. ಮತ್ತೊಂದು ತೊಂದ್ರಿ ಐತಿ. ಈಗ ನನ್ನ ಜೀಪಿನ ಸದ್ದು ಕೇಳಿದ ಕೂಡ್ಲೆ ಗಿರಣ್ಯಾಗ ಮಂದಿ ಎದ್ದು ಕೆಲಸಾ ಮಾಡ್ತಾರ. ಸದ್ದಿಲ್ಲದ ಗಾಡ್ಯಾಗ ಹ್ವಾದ್ರ ಸಾವ್ಕಾರ ಬಂದಾನಂತ ಅವರಿಗೆ ಹೆಂಗ ಗೊತ್ತಾಗಬೇಕು?”

ಎದುರಿನ ಸೀಟಿನಲ್ಲಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತಿದ್ದ ಸುವರ್ಣಾ ಕಿಸಕ್ಕನೆ ನಕ್ಕಳು. “ಮಂದಿ ಮಲಗಿದ್ದು ನಿಮಗ ಗೊತ್ತಾಗತೈತಲ್ರಿ ಸಾವ್ಕಾರ್ರ. ಅದ ಲಾಭ.”

ಈ ಲಾಭ ಸಾವುಕಾರರಿಗೆ ಯಾವ ಅಂಗಡಿಯಲ್ಲೂ ಯಾರೂ ಹೇಳಿರಲಿಲ್ಲ.

ಸುವರ್ಣಾ ಎಲ್ಲರ ಜೊತೆ ಹೀಗೆ ನಗುತ್ತಿದ್ದಳು. ನನ್ನ ಜೊತೆ ಮಾತ್ರ “ಉಣ್ಣು”, “ಹೊದ್ಕೋ”, “ನೀರು ಬೇಕೇನು?” ಅಷ್ಟೇ. ಒಂದು ವರ್ಷದಿಂದ ನಮ್ಮ ನಡುವೆ ಇಷ್ಟೇ ಮಾತು.

ಸುನೌಲಿ

ವಿದೇಶವೆಂದರೆ ಸಮುದ್ರವೋ ಬೆಟ್ಟವೋ ಅಡ್ಡ ಇರುತ್ತದೆ ಎಂದು ನಾನು ತಿಳಿದಿದ್ದೆ. ಗಡಿಯ ಊರು ಸುನೌಲಿಯಲ್ಲಿ ಒಂದು ಕಮಾನು ಇದೆ. ಆಚೆ ಇನ್ನೊಂದು ಕಮಾನು. ನಡುವೆ ಬಾಳೆಹಣ್ಣಿನ ಗಾಡಿ. ಚೀಟಿ ತೋರಿಸಿ ನಡೆದುಕೊಂಡು ಹೋದೆವು, ನೇಪಾಳ ಬಂತು. ಕೊಪ್ಪಳದಲ್ಲಿ ಬಸ್ ನಿಲ್ದಾಣದಿಂದ ಹೊರಗೆ ಬರಲು ಇದಕ್ಕಿಂತ ಹೆಚ್ಚು ಗುದ್ದಾಡಬೇಕು.

ಕಮಾನು ದಾಟುತ್ತಲೇ ಎಲ್ಲರ ಫೋನುಗಳೂ ಸತ್ತವು. ನಮ್ಮ ಸಿಮ್ಮು ಅಲ್ಲಿ ನಡೆಯುವುದಿಲ್ಲ. ಸುವರ್ಣಾ ತನ್ನ ಫೋನನ್ನು ಚೀಲದ ತಳಕ್ಕೆ ಹಾಕಿ, “ಕುಷ್ಟಗಿಯವ್ರು ದಿನಾ ಮಾಡಾಕ ಹತ್ತಿದ್ರು. ಹೊಳ್ಳಿ ಇಲ್ಲಿಗೆ ಬರೂತನಾ ಚಿಂತಿಲ್ಲ” ಎಂದಳು. ನನಗೂ ಅಷ್ಟರ ತನಕ ಅವಧಿ ಸಿಕ್ಕಂತಾಯಿತು. ಏನಾದರೂ ಹೇಳುವುದಿದ್ದರೆ ಈ ಕಮಾನಿಗೆ ಮರಳುವ ಮುಂಚೆ ಹೇಳಬೇಕು. ಮಾರುತ್ತೇನೆಂದು ಒಮ್ಮೆ ಅವಳ ಬಾಯಿಂದ ಬಂದರೆ ಅವಳು ಅದನ್ನು ಹಿಂದೆ ತೆಗೆಯುವವಳಲ್ಲ.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಪೂರಾ ತಾಸಲ್ಲ, ಅರ್ಧವೂ ಅಲ್ಲ. ಸಾವುಕಾರರು ಮುಳ್ಳು ತಿರುಗಿಸುತ್ತಾ, “ಇಷ್ಟು ಚಿಲ್ಲರೆ ಹೊತ್ತು ಯಾಕ ಇಟ್ಕೊಂಡಾರೋ” ಎಂದು ಬೇಸರಪಟ್ಟರು. ಯಾರೋ ತಮ್ಮ ಕಾಲು ಗಂಟೆಯನ್ನು ಕದ್ದಂತೆ ಅವರ ಮುಖವಿತ್ತು.

ಅಲ್ಲಿ ಮೊದಲು ನನಗೆ ತಿಳಿದದ್ದು ನನ್ನ ತಂಗಿಯ ಹಿಂದಿ. ನಮ್ಮ ಕಡೆಯ ಅರೆಬರೆ ಉರ್ದುವಿನಲ್ಲಿ ನಾನು ತಡವರಿಸುತ್ತಿದ್ದರೆ ಅವಳು ನೀರು ಹರಿದಂತೆ ಮಾತಾಡಿ ಗಾಡಿ ಗೊತ್ತು ಮಾಡಿದಳು. ಕಾರ್ಖಾನೆಯ ಹುಡುಗರು ದಿನಾ ಅವಳ ಆಟೋದಲ್ಲಿ ಕೂತು ಕಲಿಸಿದ ಹಿಂದಿ ಅದು. ಊರವರು ಕೂತಿದ್ದರೆ ಅವಳಿಗೆ ಅದು ಬರುತ್ತಿರಲಿಲ್ಲ ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ನಾಚಿಕೆಗೇಡಿನ ಸಮಾಧಾನ.

ಬೆಟ್ಟದ ರಸ್ತೆ

ಕಾಠ್ಮಂಡುವಿಗೆ ಹೋಗಲು ಬಂದದ್ದು ಬಿಳಿಯ ವ್ಯಾನು. ಹತ್ತಿ ಕೂತೆವು. ಸ್ವಲ್ಪ ಹೊತ್ತಿಗೆ ಅಂಗಡಿಗಳು ಹಿಂದಕ್ಕೆ ಸರಿಯತೊಡಗಿದವು. ಆಗ ಗಾಡಿ ಹೊರಟಿದೆ ಎಂದು ತಿಳಿಯಿತು. ಅದೂ ಬ್ಯಾಟರಿಯದು.

ಬಯಲಿರುವ ತನಕ ಗಂಗಾವತಿಯೇ. ಎರಡೂ ಕಡೆ ಭತ್ತ, ಬದುವಿನ ಮೇಲೆ ಕೊಕ್ಕರೆ. ಸಾವುಕಾರರು ಕಿಟಕಿಯಿಂದ ತಲೆ ಹೊರಹಾಕಿ “ಇನ್ನೂ ಕೊಯ್ಲಿಗೆ ಬಂದಿಲ್ಲ” ಎಂದು ವರದಿ ಕೊಡುತ್ತಿದ್ದರು. ಆಮೇಲೆ ಬೆಟ್ಟ ಶುರುವಾಯಿತು. ನಮ್ಮ ಕೊಪ್ಪಳದ ಕೋಟೆಯ ಗುಡ್ಡವನ್ನು ನಾನು ದೊಡ್ಡದೆಂದು ತಿಳಿದಿದ್ದೆ. ಇವರ ಬೆಟ್ಟಗಳ ಪಕ್ಕ ಇಟ್ಟರೆ ಅದು ಅವುಗಳ ಮೊಮ್ಮಗು.

ಏರು ಬಂದರೆ ಟಂಟಂ ಕೂಗುತ್ತದೆ. ಆ ಕೂಗನ್ನು ಕೇಳಿಯೇ ನಾನು ಗೇರು ಬದಲಿಸುವವನು. ಇಲ್ಲಿ ಗೋಡೆಯಂಥ ಏರಿನಲ್ಲಿ ಒಂದು ಸದ್ದೂ ಇಲ್ಲ. “ಏ, ಗಾಡಿ ಬಂದ್ ಆತು! ಹಿಂದಕ ಹೊಂಟೀತು, ಕಲ್ಲು ಕೊಡ್ರಿ ಗಾಲಿಗೆ!” ಎಂದು ಕೂಗಿಬಿಟ್ಟೆ. ವ್ಯಾನಿನಲ್ಲಿದ್ದವರೆಲ್ಲಾ ಗಾಬರಿಯಾಗಿ ಎದ್ದರು. ಚಾಲಕ ಹಿಂತಿರುಗಿ ನೋಡಿದ. ಸುವರ್ಣಾ ಅವನಿಗೆ ಹಿಂದಿಯಲ್ಲಿ, “ಏನಿಲ್ಲ, ನಮ್ಮಣ್ಣ. ಡೀಸೆಲ್ ಗಾಡಿಯವನು” ಎಂದಳು. ಅವನು ಅರ್ಥವಾಯಿತು ಎಂಬಂತೆ ತಲೆಯಾಡಿಸಿದ. ಕಾಯಿಲೆಯವರನ್ನು ಕಂಡು ತಲೆಯಾಡಿಸುತ್ತಾರಲ್ಲ, ಹಾಗೆ.

ನಡುದಾರಿಯಲ್ಲಿ ನದಿಯ ದಂಡೆಯ ಹೋಟೆಲಿನ ಮುಂದೆ ವ್ಯಾನು ನಿಂತಿತು. ಚಾಲಕ ದಪ್ಪನೆಯ ವೈರು ತಂದು ಗಾಡಿಗೆ ಚುಚ್ಚಿದ. “ಅದೂ ಉಣ್ತೈತಿ, ನಾವೂ ಉಣ್ಣೂಣು ಬರ್ರಿ” ಎಂದು ಸುವರ್ಣಾ ಎಲ್ಲರನ್ನೂ ಇಳಿಸಿದಳು. ಅನ್ನ, ಬೇಳೆ, ಸೊಪ್ಪು, ಉಪ್ಪಿನಕಾಯಿ. ತಟ್ಟೆ ಖಾಲಿಯಾದ ಕೂಡಲೇ ಮತ್ತೆ ಬಡಿಸುತ್ತಾರೆ. ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಬಡಿಸುತ್ತಾರೆ. ಸಾವುಕಾರರು ಅನ್ನದ ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿ, “ಅಕ್ಕಿ ಹಳೇದು, ಛಲೋ ಐತಿ” ಎಂದು ತೀರ್ಪು ಕೊಟ್ಟ ಮೇಲೆ ಉಂಡರು.

ಊಟ ಮಾಡುತ್ತಲೇ ನಾನು ಚಾಲಕನನ್ನು ಕೇಳಿದೆ, ಡೀಸೆಲ್ ಬಿಟ್ಟು ಇದನ್ನೇಕೆ ತಂದೆ ಎಂದು. ಡೀಸೆಲ್ ದುಬಾರಿ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಕಿವಿ ಮುಟ್ಟಿ ತೋರಿಸಿದ. ಮೊದಲು ಬಸ್ಸು ಓಡಿಸುತ್ತಿದ್ದನಂತೆ. ಇಂಜಿನ್ನಿನ ಪಕ್ಕ ಕೂತು ಕೂತು ಕಿವಿ ಮಂದವಾಗಿ, ಮನೆಗೆ ಹೋದರೆ ಹೆಂಡತಿಯ ಜೊತೆ ಮಾತಾಡುವುದೂ ಕೂಗಾಟವಾಗುತ್ತಿತ್ತು. ಅವನ ಮಗಳು ಅಪ್ಪ ಯಾವಾಗಲೂ ಸಿಟ್ಟಿನಲ್ಲಿರುತ್ತಾನೆ ಎಂದುಕೊಂಡಿದ್ದಳು. ಪಕ್ಕದ ಮನೆಯವನು ಇಂಥದ್ದೇ ವ್ಯಾನು ತಂದ. ಒಂದು ಸಲ ಅವನ ಜೊತೆ ಪಟ್ಟಣಕ್ಕೆ ಹೋದಾಗ ದಾರಿಯುದ್ದಕ್ಕೂ ಮೆಲ್ಲಗೆ ಮಾತಾಡುತ್ತಾ ಹೋದರು. ಅಷ್ಟಕ್ಕೇ ಮನಸ್ಸು ಮಾಡಿದನಂತೆ.

ಸುವರ್ಣಾ ಇದನ್ನು ಎಲ್ಲರಿಗೂ ಕನ್ನಡದಲ್ಲಿ ಹೇಳಿ, “ನಮ್ಮಣ್ಣನ ಮನ್ಯಾಗೂ ಹಂಗ ಐತ್ರಿ. ‘ಚಾ ತಾ’ ಅಂದ್ರ ಎಮ್ಮಿ ಹಗ್ಗಾ ಹರಕೋತೈತಿ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನನ್ನನ್ನು ಗೇಲಿ ಮಾಡಿ ಒಂದು ವರ್ಷವಾಗಿತ್ತು.

ಆಮೇಲೆ ನನ್ನ ಪಾಡು ಕೇಳಿ. ನಮ್ಮ ಸ್ಟ್ಯಾಂಡಿನಲ್ಲಿ ಟಂಟಂ ಹೊರಡುವ ಮುಂಚೆ ಇಂಜಿನ್ನು ಚಾಲೂ ಮಾಡಿ ಗುರ್ ಗುರ್ ಎನಿಸುತ್ತೇವೆ. ಅದು ಜನರನ್ನು ಕರೆಯುವ ಗಂಟೆ. ಅದನ್ನು ಕೇಳಿದ ಮೇಲೇ ಜನ ಚಹಾದ ಕೊನೆಯ ಗುಟುಕು ಕುಡಿದು ಓಡಿ ಬರುವುದು. ನಾನೂ ಹೋಟೆಲಿನ ಹಿಂದೆ ನದಿ ನೋಡುತ್ತಾ ಚಹಾ ಕುಡಿಯುತ್ತಿದ್ದೆ, ಇಂಜಿನ್ನು ಚಾಲೂ ಆದಾಗ ಹೋದರಾಯಿತು ಎಂದು. ಚಾಲೂ ಆಗಲು ಅಲ್ಲಿ ಇಂಜಿನ್ನು ಎಲ್ಲಿದೆ? ತಿರುಗಿ ನೋಡಿದರೆ ವ್ಯಾನು ತಿರುವು ಸೇರುತ್ತಿದೆ. ಲೋಟ ಕೈಯಲ್ಲೇ ಹಿಡಿದು ಓಡಿದೆ. ಹಿಂದಿನ ಗಾಜಿನಲ್ಲಿ ಸುವರ್ಣಾಳ ಮುಖ ಕಂಡಿತು. ಅವಳು ಗಾಡಿ ನಿಲ್ಲಿಸಲು ಹೇಳಿ, ಬಾಗಿಲು ತೆಗೆದು, ನನ್ನನ್ನು ಕೈಹಿಡಿದು ಎಳೆದುಕೊಂಡಳು.

“ನೋಡು, ಇದ ನಂಗ ಗಿಣಿಗೇರಾದಾಗ ದಿನಾ ಆಗೋದು” ಎಂದಳು. “ನಾ ಗಾಡ್ಯಾಗ ಕುಂತಿರ್ತೀನಿ, ಹೊಂಡಾಕ ತಯಾರ ಇರ್ತೀನಿ. ಗುರ್ ಅನ್ನೂದಿಲ್ಲಂತ ಯಾರೂ ಹತ್ತೂದಿಲ್ಲ. ಡೀಸೆಲ್ಲಿನವ ಬಂದು ಸುಮ್ನ ಗುರ್ ಅನಿಸಿ ತುಂಬ್ಕೊಂಡು ಹೋಕ್ಕಾನ.”

“ಹಾರನ್ ಹೊಡೀಬೇಕಿಲ್ಲವಾ?”

“ಹೊಡೆದೆ. ಜಗಳಕ್ಕ ಬಂದಾಳಂದ್ರು.”

ಅಷ್ಟು ದೊಡ್ಡ ಮಾತು ಅವಳು ನನ್ನ ಜೊತೆ ಆಡಿದ್ದಕ್ಕೆ ಹಿಗ್ಗಿದೆ. ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಸಾವುಕಾರರು ಹಿಂದಿನಿಂದ, “ಯಮನೂರಪ್ಪ, ಲೋಟ ಹೋಟೆಲ್ಲಿಂದಲ್ಲೋ?” ಎಂದರು.

ಕಾಠ್ಮಂಡು

ಪಶುಪತಿನಾಥನ ಗುಡಿಯಲ್ಲಿ ಪೂಜೆ ಮಾಡುವವರು ನಮ್ಮ ದಕ್ಷಿಣದ ಭಟ್ಟರು ಎಂದು ಕೇಳಿದ್ದೆ. ಅವರಲ್ಲೊಬ್ಬರು ಕನ್ನಡದಲ್ಲಿ “ಯಾವೂರಾಯ್ತು?” ಎಂದಾಗ ಸಾವುಕಾರರ ಕಣ್ಣಲ್ಲಿ ನೀರು ಬಂತು. “ಗಂಗಾವತಿರೀ” ಎಂದು ಎರಡು ಸಲ ಹೇಳಿದರು. ಅತ್ತೆಯ ಹರಕೆಯನ್ನು ಸುವರ್ಣಾ ತೀರಿಸಿದಳು. ನಾನು ಕಣ್ಣು ಮುಚ್ಚಿ ನಿಂತೆ. ದೇವರಿಗೆ ಹೇಳಿದರೆ ತಂಗಿಗೆ ಹೇಳಿದಂತಾಗುತ್ತದೆಯೇ ಎಂದು ಸ್ವಲ್ಪ ಹೊತ್ತು ನೋಡಿದೆ. ಆಗಲಿಲ್ಲ.

ಹೊರಗೆ ಬಂದರೆ ರಸ್ತೆಯ ತುಂಬಾ ಟಂಟಂ. ನನ್ನ ಕಣ್ಣನ್ನೇ ನಂಬಲಿಲ್ಲ. ನಮ್ಮದೇ ಮೂರು ಗಾಲಿ, ನಮ್ಮದೇ ಎದುರುಬದುರು ಹಲಗೆ ಸೀಟು. ಅಲ್ಲಿ ಅವಕ್ಕೆ ಟೆಂಪೋ ಎನ್ನುತ್ತಾರೆ. ಹೊಗೆ ಇಲ್ಲ, ಗುರ್ ಇಲ್ಲ. ಓಡಿಸುವವರು ಬಹಳಷ್ಟು ಹೆಂಗಸರು. ಸುವರ್ಣಾ ರಸ್ತೆಯ ನಡುವೆಯೇ ನಿಂತುಬಿಟ್ಟಳು. “ಯಣ್ಣಾ, ನೋಡೋ, ನೋಡೋ” ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. ಸಣ್ಣವಳಿದ್ದಾಗ ತಳಕಲ್ ಸ್ಟೇಷನ್ನಿನಲ್ಲಿ ಗೂಡ್ಸ್ ರೈಲು ಬಂದರೆ ಹೀಗೇ ಅಲುಗಾಡಿಸುತ್ತಿದ್ದಳು.

ಅವುಗಳಲ್ಲೊಂದನ್ನು ಹತ್ತಿದೆವು. ಇಳಿಯಬೇಕಾದವರು ಕೂಗುವುದಿಲ್ಲ. ಮೇಲಿನ ತಗಡನ್ನು ಕೈಯಿಂದ ಟಕಟಕ ಬಡಿಯುತ್ತಾರೆ, ಗಾಡಿ ನಿಲ್ಲುತ್ತದೆ. ಗಾಡಿಯಲ್ಲಿ ಸದ್ದೇ ಇಲ್ಲದ್ದರಿಂದ ಆ ಟಕಟಕ ಸ್ಪಷ್ಟ ಕೇಳುತ್ತದೆ. ಸಾವುಕಾರರಿಗೆ ಇದು ಬಹಳ ಹಿಡಿಸಿತು. ಇಳಿಯುವುದು ಇರಲಿ ಬಿಡಲಿ, ಬಡಿದರು. ಗಾಡಿ ನಿಂತಿತು. “ಏನಿಲ್ಲ, ಹೋಗ್ರಿ” ಎಂದರು. ಮತ್ತೆ ಬಡಿದರು. ಓಡಿಸುತ್ತಿದ್ದ ಹೆಣ್ಣುಮಗಳು ತಿರುಗಿ ಅವರನ್ನು ನೋಡಿದ ರೀತಿಗೆ ಆಮೇಲೆ ಅವರ ಕೈ ಮಡಿಲಲ್ಲೇ ಉಳಿಯಿತು.

ಅವಳ ಹೆಸರು ಕಮಲಾ. ನಮ್ಮ ಕಡೆಯವರಂತೆ ಗಟ್ಟಿ ದನಿ, ದುಂಡು ಮುಖ. ಕೊನೆಯ ನಿಲ್ದಾಣದ ತನಕ ಸುವರ್ಣಾ ಅವಳ ಹಿಂದಿನ ಸೀಟಿಗೆ ಆತು ಕೂತು ಪ್ರಶ್ನೆ ಕೇಳಿದ್ದೇ ಕೇಳಿದ್ದು. ಯಾಕೆ ತಗೊಂಡೆ, ಜನ ಹೆದರಲಿಲ್ಲವೆ, ಮಳೆಯಲ್ಲಿ ಏನು ಮಾಡುತ್ತೀ? ಕಮಲಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಒಂದು ಕಾಲದಲ್ಲಿ ಅವರ ನಾಡಿಗೆ ಪೆಟ್ರೋಲು ಬರುವುದೇ ನಿಂತುಹೋಗಿತ್ತಂತೆ. ಸಿಲಿಂಡರ್ ಇಲ್ಲದೆ ಮನೆಗಳಲ್ಲಿ ಕಟ್ಟಿಗೆ ಒಲೆ ಹೂಡಿದರಂತೆ. ಆಗಲೂ ಈ ಗಾಡಿಗಳು ಓಡುತ್ತಿದ್ದವು. ಅದನ್ನು ಕಂಡವರು ಮರೆಯಲಿಲ್ಲ. ಮೋಟಾರು ಕಲಿಯಲು ಹೋದಾಗ ಗಂಡ ಬೇಡವೆಂದ, ಅತ್ತೆ ಬೇಡವೆಂದಳು. ಈಗ ಗಂಡ ಅವಳಿಂದಲೇ ಕಲಿಯುತ್ತಿದ್ದಾನೆ. “ಅವನಿಗೆ ಎಡ ಬಲ ಇನ್ನೂ ತಿಳಿಯುವುದಿಲ್ಲ” ಎಂದು ಹಣೆ ಬಡಿದುಕೊಂಡಳು.

ಕೊನೆಗೆ ಸುವರ್ಣಾ ಕೇಳಿದಳು, “ನಿನ್ನ ಗಾಡ್ಯಾಗ ಮೊದ್ಲ ಯಾರು ಕುಂತ್ರು?”

ಕಮಲಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸುವರ್ಣಾ ಎರಡನೆಯ ಸಲ ಬಿಡಿಸಿ ಕೇಳಿದಳು. “ಯಾರೋ ಮಾರುಕಟ್ಟೆಗೆ ಹೋಗುವವರು. ಹೂಕೋಸು ಹಿಡಿದಿದ್ದರು. ಯಾಕೆ?”

ನಾನು ಕಿಟಕಿಯ ಆಚೆ ನೋಡತೊಡಗಿದೆ. ಸುವರ್ಣಾ, “ಸುಮ್ನ ಕೇಳ್ದೆ” ಎಂದಳು.

ಚಾರ್ಜಿಂಗ್ ಅಂಗಳ

ಮರುದಿನ ಕಮಲಾ ನಮ್ಮನ್ನು ತಮ್ಮ ಗಾಡಿಗಳು ಚಾರ್ಜ್ ಆಗುವ ಅಂಗಳಕ್ಕೆ ಕರೆದಳು. ದೊಡ್ಡ ಬಯಲು, ಸುತ್ತ ತಗಡಿನ ಚಪ್ಪರ, ಅದರ ಕೆಳಗೆ ಸಾಲಾಗಿ ಟೆಂಪೋ. ಹೆಂಗಸರು ಬಿಸಿಲಿಗೆ ಕೂತು ಕಿತ್ತಳೆ ಸುಲಿದು ಅದಕ್ಕೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದರು. ಸುವರ್ಣಾ ಶೇಂಗಾ ಚಟ್ನಿ ತೆಗೆದಳು. ಕಿತ್ತಳೆಗೆ ಶೇಂಗಾ ಚಟ್ನಿ ಹಚ್ಚಿ ತಿಂದವರು ಭೂಮಿಯ ಮೇಲೆ ನಾವೇ ಮೊದಲಿಗರಿರಬೇಕು. ರುಚಿಯಾಗಿತ್ತು.

“ನೀನೂ ಓಡಿಸುತ್ತೀಯಂತೆ, ಹತ್ತು” ಎಂದು ಕಮಲಾ ಸುವರ್ಣಾಳನ್ನು ತನ್ನ ಸೀಟಿಗೆ ತಳ್ಳಿದಳು. ಸುವರ್ಣಾ ಸೆರಗು ಸಿಕ್ಕಿಸಿಕೊಂಡು ಕೂತಳು. ನಮ್ಮ ತಂಡದವರೆಲ್ಲಾ ಹುಯ್ಯೋ ಎನ್ನುತ್ತಾ ಹಿಂದೆ ತುಂಬಿಕೊಂಡರು. ಸಾವುಕಾರರು ಎಲ್ಲರಿಗಿಂತ ಮುಂಚೆ ಹತ್ತಿ ತಗಡಿನ ಕೆಳಗೆ ಜಾಗ ಹಿಡಿದರು. ನಾನು ಕೆಳಗೇ ನಿಂತಿದ್ದೆ.

ಸುವರ್ಣಾ ತಿರುಗಿ ನೋಡಿದಳು. “ನೀ ಬ್ಯಾಡ ಬಿಡಣ್ಣ. ನಿನ್ನ ಮೊಣಕಾಲಿಗೆ ತ್ರಾಸ ಆಕ್ಕೈತಿ.”

ನಗುತ್ತಲೇ ಹೇಳಿದಳು. ಆ ನಗೆ ನನಗೆ ನಾಟಿತು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಹತ್ತಿ ಕೂತೆ. ಗಾಡಿ ಅಂಗಳದ ಸುತ್ತ ತಿರುಗಿತು. ಮೊದಲ ಸುತ್ತಿಗೆ ಮೆಲ್ಲಗೆ, ಆಮೇಲೆ ಜೋರಾಗಿ. ಅಲ್ಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ತಿರುವುಗಳಲ್ಲಿ ಅವಳ ಕೈ ಎಷ್ಟು ಹದವಾಗಿತ್ತೆಂದರೆ, ಅಷ್ಟು ವರ್ಷ ಗಾಡಿ ಓಡಿಸಿದ ನನಗೆ ಒಂದು ತಪ್ಪೂ ಸಿಗಲಿಲ್ಲ. ಹುಡುಕಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸಾವುಕಾರರು ಟಕಟಕ ಬಡಿದು, “ಡ್ರೈವರಮ್ಮಾ, ಗಂಗಾವತಿ ಬಂತು, ಇಳಸ್ರಿ!” ಎಂದರು.

“ನಿಮ್ಮ ಗಿರಣಿ ಇನ್ನೂ ಮುಂದೈತಿ, ಕುಂದರ್ರಿ ಸುಮ್ನ!” ಎಂದು ಸುವರ್ಣಾ ಇನ್ನೊಂದು ಸುತ್ತು ಹೊಡೆದಳು.

ಅವಳು ಅಷ್ಟು ನಕ್ಕದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ನನಗೂ ನಗು ತಡೆಯಲಾಗಲಿಲ್ಲ. ಇಳಿದ ಮೇಲೆ ಸಾವುಕಾರರು ಬೆವರು ಒರೆಸಿಕೊಳ್ಳುತ್ತಾ ಅವಳನ್ನು ಕೇಳಿದರು, “ಅಲ್ಲವ್ವಾ ಸುವರ್ಣಾ, ಇಷ್ಟು ಛಲೋ ಹೊಡಿತಿ. ನಿನ್ನ ಗಾಡಿ ಯಾಕ ಮಾರಾಕ ಹತ್ತಿ?”

“ಸಾಲಿ ಮಕ್ಕಳು ಬರ್ಲಿಲ್ರಿ. ಅವರು ಬಂದಿದ್ರ ಗಾಡಿ ನಡಿತಿತ್ತು. ನಮ್ಮ ಓಣಿ ತಾಯಂದ್ರು ಮೊದ್ಲ ಕಳಸ್ತೀವಿ ಅಂದ್ರು, ಆಮ್ಯಾಲ ಯಾಕೋ ಒಬ್ಬರೂ ಕಳಸಲಿಲ್ಲ. ಯಾಕಂತ ನಂಗ ಇನ್ನೂ ಗೊತ್ತಿಲ್ಲ.”

ನನಗೆ ಗೊತ್ತಿತ್ತು. ನಿಮಗೂ ಈಗ ಹೇಳುತ್ತೇನೆ. ಗಾಡಿ ಬಂದ ಮೇಲೆ ಒಂದು ದಿನ ನಾನು ಗಿಣಿಗೇರಾಕ್ಕೆ ಹೋದಾಗ ಆ ತಾಯಂದಿರು ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿದ್ದರು. “ಯಮನೂರಣ್ಣ, ನೀವು ಗಾಡಿ ತಿಳಿದವ್ರು. ಸುವರ್ಣಾನ ಗಾಡ್ಯಾಗ ಮಕ್ಕಳನ್ನ ಕಳಸಬೌದೇನ್ರಿ?” ಎಂದು ಕೇಳಿದ್ದರು. ಹೂಂ ಎಂದಿದ್ದರೆ ಸಾಕಿತ್ತು. ನಾನು ಬಾಯಿಂದ ಚ್ ಎಂದು ಸದ್ದು ಮಾಡಿ, “ಅದನ್ನ ನಾ ಹೆಂಗ ಹೇಳ್ಲಿ ಬಿಡ್ರಿ” ಎಂದು ಹೊರಟುಹೋಗಿದ್ದೆ. ಆ ಗಾಡಿಯ ಬಗ್ಗೆ ಅಂಗಡಿಯವರು ಹೇಳಿದ್ದು, ಕಾಗದದಲ್ಲಿ ಬರೆದದ್ದು, ಸುವರ್ಣಾ ತಾನೇ ಮನೆಮನೆಗೆ ಹೋಗಿ ತಿಳಿಸಿದ್ದು ಎಲ್ಲಾ ನನ್ನ ಒಂದು ಚ್‌ನಲ್ಲಿ ಹೋಯಿತು.

ಆ ಅಂಗಳದಲ್ಲಿ, ಅಷ್ಟು ಜನರ ನಗೆಯ ನಡುವೆ, ಅದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವಳ ಖುಷಿ ಕೆಡಿಸಬಾರದೆಂದು ಸುಮ್ಮನಾದೆ ಎಂದುಕೊಂಡೆ. ಅದೂ ಮೊಣಕಾಲು ನೋವಿನಂಥದ್ದೇ ಮಾತು.

ಮತ್ತೆ ಸುನೌಲಿ

ಮರಳುವ ದಾರಿಯುದ್ದಕ್ಕೂ ಬಿಸಿಲು ಚೆನ್ನಾಗಿತ್ತು. ಹಿಮದ ಬೆಟ್ಟ ಒಂದು ಕಡೆ ಮೋಡ ಸರಿಸಿ ಮುಖ ತೋರಿಸಿತು. ಬಿಳಿಯ ಜೋಳದ ರಾಶಿಯ ಹಾಗಿದೆ ಎಂದು ಸುವರ್ಣಾ ಹೇಳಿದಳು. ಸಾವುಕಾರರು ಅಕ್ಕಿಯ ರಾಶಿ ಎಂದರು. ಬೆಟ್ಟ ಇಳಿದು ಬುಟ್ವಲ್ ಎಂಬ ಊರು ಬರುವ ತನಕ ಇಬ್ಬರೂ ವಾದ ಮಾಡಿದರು. ವಾದ ಮುಗಿಸಿ ಸಾವುಕಾರರು ಕಾರು ತರುವುದಾಗಿ ಸಾರಿದರು. “ಓಣ್ಯಾಗ ಯಾರಾದ್ರೂ ಮೊದ್ಲ ತರಬೇಕಲ್ಲೋ. ನಾನ ತರ್ತೀನಿ, ಉಳಿದವ್ರು ನನ್ನ ಕೇಳ್ಲಿ” ಎಂದರು. ತಮ್ಮನ್ನು ಜನ ಕೇಳುತ್ತಾರೆ ಎಂಬುದೇ ಅವರಿಗೆ ಕಾರಿಗಿಂತ ಹೆಚ್ಚು ಹಿಡಿಸಿದಂತಿತ್ತು. ನಾನು ಮಾತ್ರ ಕಮಾನು ಹತ್ತಿರವಾದಷ್ಟೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಕಮಾನಿನ ಕೆಳಗೆ ಜನವೋ ಜನ. ಲಾರಿಗಳು, ಚೀಲ ಹೊತ್ತವರು, ಮದುವೆಯ ದಿಬ್ಬಣವೊಂದು ಬ್ಯಾಂಡಿನ ಸಮೇತ. ನಾವು ದಾಟಿ ಈಚೆ ಬಂದೆವು. ಸಾವುಕಾರರು ಗಡಿಯಾರ ಹಿಂದಕ್ಕೆ ತಿರುಗಿಸಿ, ತಮ್ಮ ಕಾಲು ಗಂಟೆ ಮರಳಿ ಸಿಕ್ಕಿತೆಂದು ಖುಷಿಪಟ್ಟರು. ಎಲ್ಲರ ಫೋನುಗಳೂ ಒಂದೊಂದಾಗಿ ಜೀವ ಪಡೆದವು. ಸುವರ್ಣಾಳ ಚೀಲದ ತಳದಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದಳು.

“ಕುಷ್ಟಗಿಯವ್ರು” ಎಂದಳು. ಬೆರಳು ಒತ್ತಲು ಹೊರಟಿತ್ತು.

“ತಡಿ ಸುವರ್ಣಾ. ಎತ್ತಬ್ಯಾಡ.”

ಡೀಸೆಲ್ ಗಾಡಿಯ ದನಿ ನನ್ನದು. ಬ್ಯಾಂಡಿನವನೂ ತಿರುಗಿ ನೋಡಿದ. ಸಾವುಕಾರರು, ತಂಡದವರು ಎಲ್ಲರೂ ನಿಂತರು.

“ಯಾಕಣ್ಣ? ಏನಾತು?”

“ನಿನಗೊಂದು ಮಾತು ಹೇಳೂದೈತಿ.”

“ಮೊಣಕಾಲಿಂದಾ? ಅದು ನಂಗ ಅವತ್ತ ಗೊತ್ತಿತ್ತು. ಬಿಡು, ಈಗ್ಯಾಕ?”

“ಅದಲ್ಲವ್ವಾ. ಅದಕ್ಕಿಂತ ಕೆಟ್ಟದ್ದೈತಿ.”

ಅವಳು ನನ್ನ ಮುಖ ನೋಡಿದಳು. ಫೋನು ಎತ್ತಿ, “ಆಮ್ಯಾಲ ಮಾತಾಡ್ತೀನ್ರಿ. ನಮ್ಮಣ್ಣ ಏನೋ ಹೇಳಾಕ ಹತ್ಯಾನ” ಎಂದು ಇಟ್ಟಳು. ದಿಬ್ಬಣ ಮುಂದೆ ಸಾಗಿತು. ಅವಳು ಚೀಲವನ್ನು ನೆಲಕ್ಕಿಳಿಸಿ ನಿಂತಳು. ನಾನು ಕೈ ಮುಗಿದೆ. ಅಣ್ಣ ತಂಗಿಗೆ ಕೈ ಮುಗಿಯಬಾರದು ಎಂದು ತಂಡದ ಒಬ್ಬ ಹೆಂಗಸು ಅಂದದ್ದು ಕೇಳಿಸಿತು. ಮುಗಿದ ಕೈ ಬಿಡಲಿಲ್ಲ.

“ಸಾಲಿ ಮಕ್ಕಳು ಯಾಕ ಬರಲಿಲ್ಲಂತ ಗೊತ್ತಿಲ್ಲ ಅಂದಿಯಲ್ಲ, ನನ್ನಿಂದ ಬರಲಿಲ್ಲ. ಆ ತಾಯಂದ್ರು ನನ್ನ ಕೇಳಿದ್ರು. ನಿನ್ನ ಗಾಡಿ ಛಲೋ ಐತಂತ ನಂಗ ಗೊತ್ತಿತ್ತು, ನೀ ನನಕಿಂತ ಛಲೋ ಹೊಡಿತಿ ಅಂತನೂ ಗೊತ್ತಿತ್ತು. ಹೊಟ್ಟಿಕಿ‍ಚ್ಚಿಗೆ ನಾ ಚ್ ಅಂದೆ. ಅವರು ನನ್ನ ಮಾತು ನಂಬಿದ್ರು. ಊರಿಗೆ ಹೋದ ಕೂಡ್ಲೆ ಒಂದೊಂದ ಮನಿ ಬಾಗಲಕ್ಕ ಹೋಗಿ, ನಾ ಚ್ ಅಂದದ್ದು ಸುಳ್ಳು, ಗಾಡಿ ಛಲೋ ಐತಿ ಅಂತ ನಾನ ಹೇಳ್ತೀನಿ. ಅವರು ಕಳಸ್ತಾರೋ ಇಲ್ಲೋ, ನೀ ಗಾಡಿ ಮಾರ್ತಿಯೋ ಇಲ್ಲೋ, ಅದು ನಿಮಗ ಬಿಟ್ಟದ್ದು. ನಿನ್ನ ಬದುಕು ನಿಲ್ಲಿಸಿ ನಾ ನೋಡ್ಕೋತ ಕುಂತಿದ್ದೆ. ನಂದು ತಪ್ಪಾತು ತಂಗೆವ್ವಾ, ಭಾಳ ದೊಡ್ಡ ತಪ್ಪಾತು. ನಿನ್ನ ಹೊಟ್ಟ್ಯಾಗ ಹಾಕ್ಕೋ.”